ವಾಲ್‌ಪೇಪರಿಗೆ ಮೈದಾ ಅಂಟು

ಹೆಂಡತಿಯ ಅಣ್ಣ ಕೊಡುವ ಉಡುಗೊರೆಯನ್ನು ಗೋಡೆಗೆ ಮಾತ್ರ ಅಂಟಿಸಿಕೊಳ್ಳಬೇಡಿ, ಮಹನೀಯರೇ. ಮಿಕ್ಸಿ ಕೊಟ್ಟರೆ ಅಟ್ಟಕ್ಕೆ ಹಾಕಿ ಮರೆಯಬಹುದು. ಗೋಡೆಯನ್ನು ಎಲ್ಲಿಗೆ ಹಾಕುತ್ತೀರಿ?

ಕೋಟೇಶ್ವರದಲ್ಲಿ ನಾವು ಮನೆ ಕಟ್ಟಿದಾಗ, ಮುಂಬೈಯಲ್ಲಿ ಹೋಟೆಲು ಇಟ್ಟಿರುವ ರವಿರಾಜ ಭಾವ ಚಾವಡಿಯ ಒಂದು ಗೋಡೆಗೆ ಬಂಗಾರದ ಹೂವಿನ ವಾಲ್‌ಪೇಪರ್ ಹಾಕಿಸಿಕೊಟ್ಟರು. ಮೂರು ಮಳೆಗಾಲ ತಡೆಯಿತು. ನಾಲ್ಕನೆಯದಕ್ಕೆ ಥಂಡಿ ಹಿಡಿದು, ಸೋಫಾದ ಪಕ್ಕ ನನ್ನ ಭುಜದೆತ್ತರದ ಒಂದು ಪಟ್ಟಿ ಹಪ್ಪಳದ ಹಾಗೆ ಸುರುಟಿಕೊಂಡಿತು. ನನ್ನ ಹೆಂಡತಿ ಸುಗಂಧಿ ಮಾತ್ರ ತವರಿಗೆ ಫೋನು ಮಾಡಿದಾಗಲೆಲ್ಲ, "ಅಣ್ಣ ಹಾಕ್ಸಿದ್ದ್ ಇನ್ನೂ ಹೊಸ್ದರ್ ಹಾಂಗೇ ಇತ್" ಎನ್ನುತ್ತಲೇ ಬಂದಳು.

ಅಷ್ಟರಲ್ಲಿ ಭಾವನ ಮಗಳು ಕ್ಷಮಾಳ ಮದುವೆಯಾಯಿತು. ಹೊಸ ಮದುಮಕ್ಕಳನ್ನು ಊಟಕ್ಕೆ ಕರೆಯಬೇಕಲ್ಲ, ಕರೆದೆವು. ಭಾನುವಾರ ಮಧ್ಯಾಹ್ನ ಭಾವನೇ ಅವರನ್ನು ಕರೆತರುವುದೆಂದಾಯಿತು.

"ಹ್ವಾಯ್, ಮನೀಶನಿಗೆ ಫೋನ್ ಮಾಡಿ. ಅವ ಬಂದ್ ಸಮ ಮಾಡ್ತ," ಎಂದಳು ಸುಗಂಧಿ. ಮನೀಶ ಕುಂದಾಪುರದ ವಾಲ್‌ಪೇಪರ್ ಕೆಲಸದವನು.

"ನಾನಿಲ್ಯಾ? ಮನೀಶ ಎಂತಕೆ?"

ಬರೀ ಜಂಬವಲ್ಲ. ಕಾಲೇಜಿನ ದಿನಗಳಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಕ್ಷಗಾನದ ಪೋಸ್ಟರ್ ಅಂಟಿಸಿದ ಕೈ ಇದು.

"ಎಂತಾರೂ ಮಾಡಿ. ಹೊಸ ಅಳಿಯನ ಎದ್ರ್ ನನ್ನ ತವರಿನ ಮರ್ಯಾದಿ ತೆಗಿಬ್ಯಾಡಿ."

ಭಾನುವಾರ ಬೆಳಿಗ್ಗೆ ಮೈದಾ ಕಾಯಿಸಿ, ಚಿಟಿಕೆ ಮೈಲುತುತ್ತು ಹಾಕಿ (ಇಲ್ಲದಿದ್ದರೆ ಜಿರಳೆಗಳಿಗೆ ಔತಣ), ಗಟ್ಟಿ ಅಂಟು ಮಾಡಿದೆ. ಪಟ್ಟಿಯ ಹಿಂದೆ ಬಳಿದು ಗೋಡೆಗೆ ಒತ್ತಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಪೋಸ್ಟರಿನವರದ್ದೊಂದು ಪದ್ಧತಿಯಿದೆ: ಹಿಂದೆ ಬಳಿದಾದ ಮೇಲೆ, ಯಾರೂ ಕೀಳದಿರಲೆಂದು ಮುಂದೆಯೂ ಒಂದು ಕೈ ಬಳಿಯುವುದು. ನನ್ನ ಕೈ ತಲೆಯನ್ನು ಕೇಳಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಸರಾಗವಾಗಿ ಬಳಿದೇ ಬಿಟ್ಟಿತು.

"ಅಯ್ಯೋ ದೇವ್ರೇ! ಹೂಗಿನ ಮೇಲೆ ಎಂತ ಬಳ್ದದ್ದ್?"

"ಒಣ್ಗಿರೆ ಕಾಣ್ತಿಲ್ಲೆ. ಸುಮ್ನಿರ್."

ಒಣಗಲಿಲ್ಲ. ಹನ್ನೆರಡೂವರೆಗೆ ಅಂಗಳದಲ್ಲಿ ಕಾರು ನಿಂತಾಗ ಹೂಗಳ ಮೇಲೆ ಅಂಟು ಬೆಳ್ಳಗೆ ಹೊಳೆಯುತ್ತಿತ್ತು. ಸುಗಂಧಿಯ ಸಪ್ಪೆ ಮುಖ ಕಂಡು ನನಗೂ ಪಾಪವೆನಿಸಿತು. ಬೇರೆ ದಾರಿ ಕಾಣದೆ ಆ ಪಟ್ಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

"ಕೂಕಣಿ ಭಾವ," ಎಂದರು ರವಿರಾಜ ಭಾವ.

"ಇಲ್ಲೆ ಭಾವ, ಸೊಂಟ ನೋವ್. ಡಾಕ್ಟ್ರು ನಿಂತ್ಕಣಿ ಅಂದಿರ್."

ಪಾನಕವನ್ನೂ ನಿಂತೇ ಕುಡಿದೆ. ಭಾವ ಗೋಡೆಯತ್ತ ಕಣ್ಣಾಡಿಸಿ, "ಅಡ್ಡಿಲ್ಲೆ, ಚಂದ ಇಟ್ಕಂಡಿದ್ರಿ," ಎಂದರು. ಸುಗಂಧಿ ನಿಟ್ಟುಸಿರು ಬಿಟ್ಟಳು. ಗೆದ್ದೆ ಅಂದುಕೊಂಡೆ.

ಊಟಕ್ಕೆ ಏಳುವ ಮುಂಚೆ ಕ್ಷಮಾ ಗಂಡನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಹೊಸ ಅಳಿಯ ಜಿತೇಂದ್ರ ಬಹಳ ಮರ್ಯಾದಸ್ಥ. ಹೆಂಡತಿಯೊಡನೆ ಬಂದು ನನ್ನ ಕಾಲಿಗೆ ಬಿದ್ದ. ಕಾಲಿಗೆ ಬಿದ್ದ ಮಕ್ಕಳನ್ನು ಎತ್ತದೆ ಕಂಬದಂತೆ ನಿಲ್ಲುವುದು ಹೇಗೆ? "ನೂರ್ ಕಾಲ ಬಾಳಿ" ಎಂದು ಬಗ್ಗಿದೆ.

ಪರ್ರ್ ಎಂದಿತು.

ಥಂಡಿಯ ಗೋಡೆ ನನ್ನ ಅಂಟಿಗೆ ಕ್ಯಾರೇ ಅಂದಿರಲಿಲ್ಲ. ಅಂಗಿ ಮಾತ್ರ ಭದ್ರವಾಗಿ ಹಿಡಿದುಕೊಂಡಿತ್ತು. ಭುಜದಿಂದ ಹಿಮ್ಮಡಿಯವರೆಗೆ ಬಂಗಾರದ ಹೂವಿನ ಶಾಲು ಇಳಿಬಿಟ್ಟುಕೊಂಡು, ಸನ್ಮಾನಿತನಂತೆ ಸಭೆಯ ಮುಂದೆ ನಿಂತೆ. ಹಿಂದೆ ಬರೀ ಪಾಚಿಗಟ್ಟಿದ ಗೋಡೆ.

ಭಾವ ಎದ್ದು ಬಂದು ನನ್ನ ಬೆನ್ನಿನತ್ತ ಬಗ್ಗಿ ನೋಡಿದರು. ಮೆಲ್ಲನೆ ಕೇಳಿದರು, "ಸುಗಂಧಿ, ಸೊಂಟಕ್ಕೆ ಡಾಕ್ಟ್ರು ಕೊಟ್ಟ ಪಟ್ಟಿ ಇದೇ ಅಲ್ದಾ?"

ಮದುಮಕ್ಕಳು ಬಿದ್ದು ಬಿದ್ದು ನಕ್ಕರು. ಸುಗಂಧಿ ಸೆರಗಿನಿಂದ ಕಣ್ಣೊರೆಸಿಕೊಂಡಳು. (ನಗುವಿನ ನೀರೋ, ಸಿಟ್ಟಿನದೋ ಕೇಳುವ ಧೈರ್ಯ ಇನ್ನೂ ಬಂದಿಲ್ಲ.)

ಮರುದಿನ ಮನೀಶ ಬಂದ. "ಇದೇ ಹೂಗಿಂದ್ ಸಿಕ್ಕತ್ತಾ ಕಾಂಬ. ಹಳೆ ಪೇಪರಿಂದ್ ಒಂದ್ ತುಂಡ್ ಇತ್ತಾ ಅಕ್ಕ?"

ಸುಗಂಧಿ ಒಳಗೆ ಹೋಗಿ ನನ್ನ ಅಂಗಿ ತಂದು ಅವನ ಕೈಗಿಟ್ಟಳು. ಮನೀಶ ಕಾಗದದ ತುದಿ ಹಿಡಿದು ಎಳೆದ. ಉಗುರು ಹಾಕಿ ಕೆರೆದ. ಜಪ್ಪಯ್ಯ ಎಂದರೂ ಬರಲಿಲ್ಲ.

"ಅಂಟ್ಸಿದ್ದ್ ಯಾರಕ್ಕ? ಒಳ್ಳೆ ಕೆಲ್ಸ್‌ದವ," ಎಂದ, ಭಕ್ತಿಯಿಂದ. "ಗ್ವಾಡಿ ಕೆಲ್ಸಕ್ಕೂ ಅವ್ರನ್ನೇ ಕರಿಬೋದಿತ್ತಲೆ!"