ಪೊನ್ನಣ್ಣನ ಪಕ್ಕಾ ಒಪ್ಪಂದ

ಹಾಕಿ ಆಟಗಾರ ಪೊನ್ನಣ್ಣ ಆ ಬೆಳಿಗ್ಗೆ ಮಾಡಿದ ಒಂದೇ ತಪ್ಪೆಂದರೆ ತನ್ನ ಒಪ್ಪಂದದ ಕಾಗದ ಹಿಡಿದು ಲಿಫ್ಟ್ ಹತ್ತಿದ್ದು. ಒಳಗೆ ಎದುರುಮನೆಯ ದಕ್ಷಿಣಾಮೂರ್ತಿಗಳಿದ್ದರು. ಕೇಂದ್ರ ಸರ್ಕಾರದಲ್ಲಿ ಮೂವತ್ತೈದು ವರ್ಷ ಕಡತ ನೋಡಿ, ನಿವೃತ್ತರಾಗಿ ದೆಹಲಿ ಪಕ್ಕದ ಇಂದಿರಾಪುರಂ ಸೇರಿದ್ದ ಅವರಿಗೆ ಯಾರ ಕೈಯಲ್ಲಿ ಕಾಗದ ಕಂಡರೂ ಕೈ ತುರಿಸುತ್ತಿತ್ತು.

"ತೋರಿಸಪ್ಪಾ," ಎಂದು ಕಸಿದುಕೊಂಡು, ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಓದಿ ಮುಗಿಸಿದರು. "ಏನಿದು? ಒಂದೇ ಸೀಸನ್? ಗಾಯ ಆದ ದಿನದಿಂದ ಸಂಬಳ ಬಂದ್? ನಮ್ಮ ಆಫೀಸಿನಲ್ಲಿ ಚಹಾ ತರೋ ಚಪರಾಸಿಗೂ ಇದಕ್ಕಿಂತ ಭದ್ರತೆ ಇತ್ತು!"

ಮಾತು ನಿಜವೇ. ಹೋದ ವರ್ಷ ಬೆರಳು ಮುರಿದಾಗ ತಂಡದವರು ಹೂಗುಚ್ಛ ಕಳಿಸಿ ಸಂಬಳ ನಿಲ್ಲಿಸಿದ್ದರು. ಮೂರು ತಿಂಗಳು ಮನೆ ನಡೆದದ್ದು ಟೀಚರ್ ಹೆಂಡತಿ ಪೂವಮ್ಮನ ದುಡಿಮೆಯಿಂದ. ಪೊನ್ನಣ್ಣನಿಗೀಗ ಮೂವತ್ತೊಂದು. ಇನ್ನು ಮೂರು ವರ್ಷ ಆಡಿದರೆ ಹೆಚ್ಚು. ಆ ಮೂರು ವರ್ಷದ ಆಸೆಗೆ ಅವನು ಎಂಥ ಕಾಗದಕ್ಕೂ ಸಹಿ ಹಾಕುವವನಿದ್ದ.

"ಅಂಕಲ್, ಹನ್ನೊಂದಕ್ಕೆ ಮ್ಯಾನೇಜರ್ ಕಾಯ್ತಿರ್ತಾರೆ."

"ಕಾಯಲಿ. ಚಲೋ, ಮನೆಗೆ ಬಾ."

ಏನೇ ಬರೆಯುವುದಿದ್ದರೂ ಹಳೆಯ ಸರ್ಕಾರಿ ನೇಮಕಾತಿ ಆದೇಶವೊಂದನ್ನು ಮುಂದಿಟ್ಟುಕೊಂಡು, ಒಂದು ಸಾಲೂ ಬಿಡದೆ ನಕಲಿಳಿಸುವುದು ದಕ್ಷಿಣಾಮೂರ್ತಿಗಳ ಹುಟ್ಟುಗುಣ. ಪೊನ್ನಣ್ಣನ ಒಪ್ಪಂದವನ್ನೂ ಹಾಗೆಯೇ ಹೊಸದಾಗಿ ಬರೆಯತೊಡಗಿದರು. ಅವರ ಹೆಂಡತಿ ದೇವಕಿ ದೋಸೆ ಹುಯ್ಯುತ್ತಲೇ, "ಹೆರಿಗೆ ರಜೆನೂ ಸೇರಿಸ್ರೀ," ಎಂದರು. ಅದೂ ಸೇರಿತು. ಪೂವಮ್ಮ ಫೋನಿನಲ್ಲಿ, "ಅಂಕಲ್ ಹೇಳಿದ ಹಾಗೆ ಮಾಡಿ," ಎಂದುಬಿಟ್ಟಳು. ಎರಡು ಪುಟದ ಒಪ್ಪಂದ ಏಳು ಪುಟವಾಗುವವರೆಗೆ ಪೊನ್ನಣ್ಣ ದೋಸೆ ತಿನ್ನುತ್ತ ಕೂತಿದ್ದ.

ನೋಯ್ಡಾದ ತಂಡದ ಕಚೇರಿ ತಲುಪಿದಾಗ ಒಂದು ಗಂಟೆ. ಮ್ಯಾನೇಜರ್ ಏಳೂ ಪುಟ ಓದಿ, ಅವನ್ನೆತ್ತಿಕೊಂಡು ತಂಡದ ಯಜಮಾನರ ಕೋಣೆಗೆ ಹೋದ. ಇದ್ದದ್ದೂ ಹೋಯಿತೆಂದು ಪೊನ್ನಣ್ಣ ಬೆವರಿದ. ಆದರೆ ಮ್ಯಾನೇಜರ್ ನಗುತ್ತ ಹೊರಬಂದ. "ಮೂರು ವರ್ಷ. ಗಾಯವಾದರೂ ಸಂಬಳ ನಿಲ್ಲೋದಿಲ್ಲ. ಸಹಿ ಆಗಿದೆ. ಮುಬಾರಕ್, ಭಾಯಿ!"

ಪೊನ್ನಣ್ಣ ಪೆನ್ ಎತ್ತಿಕೊಂಡ. ಗಡಿಬಿಡಿಯಲ್ಲಿ ತಾನೂ ಸಹಿ ಹಾಕಿದ. "ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಸರ್?"

"ನಿಮಗೆ ಪ್ರಾಕ್ಟೀಸ್ ಇಲ್ಲ. ಗಾಯವಾದರೂ ಮೂರು ವರ್ಷ ಸಂಬಳ ಕೊಡಬೇಕಾದ ಆಟಗಾರನನ್ನ ಮೈದಾನಕ್ಕೆ ಇಳಿಸೋ ಧೈರ್ಯ ಯಜಮಾನರಿಗಿಲ್ಲ. ಸ್ಟೋರ್ ನೋಡಿಕೊಳ್ಳೋನು ಕೆಲಸ ಬಿಟ್ಟ. ಆ ಜಾಗ ನಿಮ್ಮದು, ಸಂಬಳವೂ ಆ ಹುದ್ದೆಯದೇ. ನಿಮ್ಮ ಕಾಗದದಲ್ಲೇ ಇದೆಯಲ್ಲ: 'ಸಂಸ್ಥೆಯ ಹಿತದೃಷ್ಟಿಯಿಂದ ಯಾವುದೇ ಹುದ್ದೆಗೆ ವರ್ಗಾಯಿಸಬಹುದು.'"

"ಹಾಗಾದ್ರೆ ಬೇರೆ ತಂಡಕ್ಕೆ ಹೋಗ್ತೀನಿ."

"ಕೆಳಗಿನ ಸಾಲು ಓದಿ. ಅನುಮತಿಯಿಲ್ಲದೆ ಮೂರು ವರ್ಷ ಬೇರೆಲ್ಲೂ ಆಡೋ ಹಾಗಿಲ್ಲ."

ಸಂಜೆ ಪೊನ್ನಣ್ಣ ಕೆಂಡದಂತಾಗಿ ಎದುರುಮನೆಯ ಬಾಗಿಲು ಬಡಿದ. ಪೂವಮ್ಮ ಅಲ್ಲೇ ಕೂತಿದ್ದಳು. ವಿಷಯ ಕೇಳಿ, "ಅಚ್ಛಾ! ಇನ್ನು ಬೆರಳು ಮುರಿಯೋ ಭಯ ಇಲ್ಲ," ಎಂದು ನಿರಾಳವಾಗಿ ಉಸಿರು ಬಿಟ್ಟಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವನು ಒಂದು ವರ್ಷದಿಂದ ಕಂಡಿರಲಿಲ್ಲ. ಅದನ್ನು ನೋಡಿ ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು. ಇನ್ನು ಆಡುವುದಿಲ್ಲವೆಂಬ ಸಂಕಟ ಎದೆಯಲ್ಲಿ ಕಲ್ಲಿನಂತೆ ಕೂತಿತು.

ದಕ್ಷಿಣಾಮೂರ್ತಿಗಳ ಕಣ್ಣು ಮಾತ್ರ ಆನಂದದಿಂದ ತುಂಬಿತ್ತು.

"ಸ್ಟೋರ್ ಕೀಪರ್! ಆ ಹುದ್ದೆಗೆ ನಾನು ಹನ್ನೊಂದು ವರ್ಷ ಕಾದೆ ಕಣಪ್ಪಾ. ನಿನಗೆ ಒಂದೇ ದಿನದಲ್ಲಿ ಬಂತು. ನಾಳೆ ಒಂಬತ್ತೂವರೆಗೆ ಸರಿಯಾಗಿ ಹೋಗು. ತಡವಾದ್ರೆ ಅರ್ಧ ದಿನ ರಜೆ ಕಳೀತಾರೆ, ಅದನ್ನೂ ಸೇರಿಸಿದ್ದೀನಿ."