ಅವರದ್ದು ಕಾಲು ಕಿಲೋ

"ಇವತ್ತಿನಿಂದ ಈ ಮನೆಗೆ ಅದ್ದುವಿನ ಅಂಗಡಿಯ ಒಂದು ಸಾಸಿವೆ ಕಾಳು ಕೂಡ ಬರಬಾರದು."

ಶನಿವಾರ ಬೆಳಗ್ಗೆ, ಸವಣೂರಿನ ತಮ್ಮ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತು ತೀರ್ಥರಾಮಣ್ಣ ಈ ಭೀಷ್ಮಪ್ರತಿಜ್ಞೆ ಮಾಡಿದರು. ಕೇಳುವುದಕ್ಕೆ ಇದ್ದದ್ದು ಹೆಂಡತಿ ಸೇವಂತಿಯಕ್ಕ ಮತ್ತು ಒಂದು ಬೆಕ್ಕು. ಬೆಕ್ಕು ಎದ್ದು ಹೋಯಿತು.

ಮೂವತ್ತೊಂದು ವರ್ಷ ಪುತ್ತೂರು–ಸುಬ್ರಹ್ಮಣ್ಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ಎದುರು ಮಾತಾಡುವವರನ್ನು ಕಂಡರೆ ಸೀಟಿ ಊದಿ ಅಲ್ಲೇ ಇಳಿಸಿಬಿಡುವ ಎನ್ನುವಷ್ಟು ಸಿಟ್ಟು ಈಗಲೂ ಬರುತ್ತದೆ. ಅದ್ದು ಎದುರು ಮಾತಾಡಿದ್ದ. ಮೊನ್ನೆ ಒಂದು ಪ್ಯಾಕೆಟ್ ಚಕ್ಕುಲಿ ಕೇಳಿದರೆ, ಡಬ್ಬಿಯ ಮೇಲೆ ಕೈ ಇಟ್ಟುಕೊಂಡು, "ನಿಮಗೆ ಎಣ್ಣೆಯದ್ದು ಕೊಡ್ಬಾರ್ದು ಅಂತ ಅಕ್ಕ ಹೇಳಿದ್ದಾರೆ ತೀರ್ಥಣ್ಣ" ಎಂದುಬಿಟ್ಟ. ನಾಲ್ಕು ಜನರ ಎದುರು! ಕೊಡುವವನು ಅಂಗಡಿಯವನೋ, ಡಾಕ್ಟರೋ?

"ಸೂಪರ್ ಮಾರ್ಕೆಟಿನಲ್ಲಿ ನೋಡು," ಎಂದರು ತೀರ್ಥರಾಮಣ್ಣ. "ಎಂತ ತೆಗೊಂಡರೂ ಯಾರೂ ಕೇಳುದಿಲ್ಲ. ಎ.ಸಿ. ಉಂಟು. ತಳ್ಳಿಕೊಂಡು ಹೋಗ್ಲಿಕ್ಕೆ ಗಾಡಿ ಉಂಟು. ನಾನು ಕುಡಿಯುವ ಈ ಕಾಫಿ ಕೂಡ ಅಲ್ಲಿ ಉಂಟು, ಪುತ್ತೂರಿಂದ ತರಿಸುವ ಕೆಲಸ ಇಲ್ಲ. ಅದ್ದುವಿನ ಹತ್ರ ಎಂತ ಉಂಟು? ಗೋಣಿ."

ಕಾಫಿಯ ವಿಷಯದಲ್ಲಿ ಅವರದ್ದು ರಾಜಮನೆತನದ ನಾಲಿಗೆ. ಆನೆಯ ಚಿತ್ರದ ನೀಲಿ ಡಬ್ಬಿಯ ಕಾಫಿ ಹುಡಿ ಬಿಟ್ಟರೆ ಬೇರೆ ಯಾವುದನ್ನೂ ಆ ನಾಲಿಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ಗುಟುಕಿನಲ್ಲಿ ಅಸಲಿ, ನಕಲಿ ಹೇಳಬಲ್ಲೆ ಎಂದು ಅವರು ಊರಿಡೀ ಹೇಳಿಕೊಂಡು ಬಂದಿದ್ದರು. ಸೇವಂತಿಯಕ್ಕ ಆ ಮಾತಿಗೆ ಯಾವಾಗಲೂ ಸುಮ್ಮನೆ ಇರುತ್ತಿದ್ದರು.

ಆದರೆ ಅದ್ದುವಿನ ವಿಷಯಕ್ಕೆ ಸುಮ್ಮನಿರಲಿಲ್ಲ. "ಆ ಸೂಪರ್ ಮಾರ್ಕೆಟು ಮೊದಲು ಪುತ್ತೂರಲ್ಲಿ ಮಾತ್ರ ಇತ್ತು. ಮತ್ತೆ ಸುಳ್ಯ, ಮತ್ತೆ ಕಡಬ. ಈಗ ಇಲ್ಲಿ ಅದ್ದುವಿನ ಎದುರಿಗೇ ಬಂದು ಕೂತಿದೆ. ಪಾಪ, ಅವನು ತರಕಾರಿ ತರಿಸುದೇ ನಿಲ್ಲಿಸಿದ್ದಾನೆ. ನಾವೂ ಬಿಟ್ರೆ ಅವನು ಬಾಗಿಲು ಹಾಕುದೇ."

"ಹಾಕಲಿ," ಎಂದರು ತೀರ್ಥರಾಮಣ್ಣ.

ಸೇವಂತಿಯಕ್ಕ ಒಳಗೆ ಹೋಗಿ ಒಂದು ಚೀಟಿ ತಂದರು. ಪ್ರತಿ ಶನಿವಾರ ಡೈರಿಗೆ ಹಾಲು ಕೊಂಡುಹೋಗುವಾಗ ಅವರು ಅದ್ದುವಿನ ಕೈಗೆ ಇಂಥ ಚೀಟಿ ಕೊಟ್ಟು, ಬರುವಾಗ ಸಾಮಾನು ಹಿಡಿದುಕೊಂಡು ಬರುವುದು ವಾಡಿಕೆ. ತೀರ್ಥರಾಮಣ್ಣ ಆ ಚೀಟಿಯನ್ನು ಒಮ್ಮೆಯೂ ಓದಿದವರಲ್ಲ.

"ಮಧ್ಯಾಹ್ನ ಇಚಿಲಂಪಾಡಿಯಿಂದ ಬೀಗರು ಬರುವವರಿದ್ದಾರೆ. ಹನ್ನೊಂದರ ಒಳಗೆ ಇದರಲ್ಲಿ ಇದ್ದದ್ದಷ್ಟೂ ಆ ಸೂಪರ್ ಮಾರ್ಕೆಟಿನಿಂದ ತನ್ನಿ. ತಂದ್ರೆ ಇನ್ನು ಮೇಲೆ ನಮ್ಮ ವ್ಯಾಪಾರ ಅಲ್ಲಿಯೇ. ಆಗದಿದ್ರೆ ಪ್ರತಿ ಶನಿವಾರ ಅದ್ದುವಿನ ಅಂಗಡಿಗೆ ನೀವೇ ಹೋಗ್ಬೇಕು."

"ಇಪ್ಪತ್ತು ನಿಮಿಷ ಸಾಕು ಮಾರಾಯ್ತಿ," ಎಂದು ತೀರ್ಥರಾಮಣ್ಣ ಹೊರಟೇಬಿಟ್ಟರು.

ಒಂದೇ ತೊಂದರೆ. ಸೂಪರ್ ಮಾರ್ಕೆಟಿಗೆ ಹೋಗಬೇಕಾದರೆ ಅದ್ದುವಿನ ಅಂಗಡಿಯ ಎದುರೇ ದಾಟಬೇಕು. ಅದಕ್ಕೂ ಅವರ ಬಳಿ ಉಪಾಯವಿತ್ತು. ಕೊಡೆ ಬಿಡಿಸಿ, ಅಂಗಡಿಯ ಕಡೆಗೆ ಓರೆಯಾಗಿ ಹಿಡಿದು, ಮುಖ ಪೂರ್ತಿ ಮರೆಮಾಡಿಕೊಂಡು ಬಿರಬಿರನೆ ನಡೆದರು. ಇನ್ನೇನು ದಾಟಿಯೇ ಬಿಟ್ಟೆ ಎನ್ನುವಾಗ ಕೊಡೆಯ ಆಚೆಯಿಂದ ಸ್ವರ ಬಂತು.

"ತೀರ್ಥಣ್ಣ, ಬಿಸಿಲು ಆಚೆ ಕಡೆಯಿಂದ ಉಂಟು."

ತೀರ್ಥರಾಮಣ್ಣ ಕೊಡೆ ಮಡಚದೆ, ಒಂದು ಸೈಕಲ್ಲಿಗೆ ಡಿಕ್ಕಿ ಹೊಡೆದು ಸೂಪರ್ ಮಾರ್ಕೆಟಿನ ಒಳಗೆ ಸೇರಿಕೊಂಡರು.

ಬಾಗಿಲಲ್ಲೇ ಕಾವಲಿನವನು ಕೊಡೆ ಕಸಿದುಕೊಂಡು ಟೋಕನ್ ಕೊಟ್ಟ. ಸಿಕ್ಕಿದ ಗಾಡಿಯ ಒಂದು ಚಕ್ರ ಕೆಟ್ಟಿತ್ತು, ಇವರು ಬೇಳೆಯ ಕಡೆ ತಳ್ಳಿದರೆ ಅದು ಶಾಂಪೂವಿನ ಕಡೆ ಹೋಗುತ್ತಿತ್ತು. ಆದರೂ ಆನೆಯ ಚಿತ್ರದ ನೀಲಿ ಡಬ್ಬಿ ಕಣ್ಣಿಗೆ ಬಿದ್ದು ಮನಸ್ಸು ತಂಪಾಯಿತು. ಅದನ್ನು ಗಾಡಿಗೆ ಹಾಕಿ, ಕನ್ನಡಕ ಏರಿಸಿ, ಚೀಟಿ ಬಿಡಿಸಿದರು.

ನಮ್ಮ ಅಕ್ಕಿ – 10
ಮೆಣಸು – ಕಳೆದ ಸಲದ್ದು ಬೇಡ, ಅದರ ಮೊದಲಿನದ್ದು – ಅರ್ಧ
ಬೆಲ್ಲ – ಕಪ್ಪು, ತುಂಬಾ ಕಪ್ಪು ಬೇಡ – 1
ಬೇಳೆ – ಬೇಗ ಬೇಯುವುದು – 1
ಕೋಳಿ ಮಸಾಲೆ – ಜೈನಬಮ್ಮನದ್ದು
ಅವರದ್ದು – ಕಾಲು

ತೀರ್ಥರಾಮಣ್ಣ ಇದನ್ನು ಮೂರು ಸಲ ಓದಿದರು. ಮಡಚಿ, ಬಿಡಿಸಿ, ಹಿಂದೆ ಏನಾದರೂ ವಿವರಣೆ ಉಂಟೇ ಎಂದೂ ನೋಡಿದರು. ಹಿಂದೆ ಹಾಲಿನ ಲೆಕ್ಕವಿತ್ತು. ಅಷ್ಟರಲ್ಲಿ ಹಸಿರು ಟೀ ಶರ್ಟಿನ ಹುಡುಗಿಯೊಬ್ಬಳು ಹತ್ತಿರ ಬಂದಳು. ಎದೆಯ ಮೇಲೆ ತೃಷಾ ಎಂದು ಹೆಸರಿನ ಪಟ್ಟಿ.

"ಎಂತ ಬೇಕಿತ್ತು ಸರ್?"

"ಅಕ್ಕಿ. ನಮ್ಮದು."

"ನಿಮ್ಮದು ಯಾವುದು ಸರ್? ಇಲ್ಲಿ ಹದಿನಾಲ್ಕು ತರದ್ದು ಉಂಟು."

ಮೂವತ್ತು ವರ್ಷದಿಂದ ದಿನಕ್ಕೆರಡು ಸಲ ಉಣ್ಣುವ ಅಕ್ಕಿ. ಅದರ ಹೆಸರೇನು ಎಂದು ತೀರ್ಥರಾಮಣ್ಣನಿಗೆ ಆ ಕ್ಷಣದಲ್ಲಿ, ಆ ಹುಡುಗಿಯ ಎದುರು, ಗೊತ್ತಿಲ್ಲ ಎಂದು ಗೊತ್ತಾಯಿತು.

"ಅದಿರಲಿ. ಮೆಣಸು ಕೊಡಿ. ಕಳೆದ ಸಲದ್ದಲ್ಲ, ಅದರ ಮೊದಲಿನದ್ದು."

"ಮೊಬೈಲ್ ನಂಬರ್ ಹೇಳಿ ಸರ್, ಕಳೆದ ಸಲ ಯಾವುದು ತೆಗೊಂಡದ್ದು ಅಂತ ಕಂಪ್ಯೂಟರಲ್ಲಿ ಬರ್ತದೆ."

"ಕಳೆದ ಸಲ ನಾವು ಇಲ್ಲಿ ತೆಗೊಂಡದ್ದಲ್ಲ."

"ಹಾಗಾದ್ರೆ ಬರುದಿಲ್ಲ ಸರ್."

"ಜೈನಬಮ್ಮನ ಮಸಾಲೆ?"

ತೃಷಾ ಕಪಾಟಿನ ಉದ್ದಕ್ಕೂ ಹುಡುಕಿ ಬಂದಳು. "ಆ ಕಂಪೆನಿಯದ್ದು ನಮ್ಮಲ್ಲಿ ಇಲ್ಲ ಸರ್."

ಹೇಗೆ ಇರುತ್ತದೆ! ಜೈನಬಮ್ಮ ಎಂದರೆ ಅದ್ದುವಿನ ಹೆಂಡತಿ, ಮನೆಯಲ್ಲಿ ಹುರಿದು ಹುಡಿ ಮಾಡುವ ಮಸಾಲೆ ಅದು. ತೀರ್ಥರಾಮಣ್ಣ ಹಲ್ಲು ಕಚ್ಚಿ ಮನೆಗೆ ಫೋನ್ ಮಾಡಿದರು.

"ಅವರದ್ದು ಅಂದ್ರೆ ಯಾರದ್ದು ಮಾರಾಯ್ತಿ? ಎಂತದ್ದು?"

"ಬರೆದದ್ದು ಉಂಟಲ್ಲ ಅದರಲ್ಲಿ," ಎಂದು ಸೇವಂತಿಯಕ್ಕ ಫೋನ್ ಇಟ್ಟರು.

ಗಂಟೆ ಹತ್ತು ಇಪ್ಪತ್ತು. ತೃಷಾಳಿಗೆ ಕನಿಕರ ಬಂತೋ ಏನೋ, ಮ್ಯಾನೇಜರ್ ಕೇಳದ ಹಾಗೆ ಸ್ವರ ತಗ್ಗಿಸಿದಳು. "ಸರ್, ಚೀಟಿ ಹಿಡ್ಕೊಂಡು ಬರುವ ಎಲ್ಲರದ್ದೂ ಇದೇ ಕತೆ. ನಾವು ಎದುರಿನ ಅಂಗಡಿಗೆ ಕಳಿಸುದು. ಅದ್ದುಚ್ಚ ಓದಿ ಹೇಳ್ತಾರೆ. ಮತ್ತೆ ಇಲ್ಲಿ ಬಂದು ತೆಗೊಳ್ತಾರೆ."

ಆನೆ ಡಬ್ಬಿಯ ಜೊತೆಗೆ ಸೂಪರ್ ಮಾರ್ಕೆಟಿನ ಹೆಸರು ದೊಡ್ಡದಾಗಿ ಬರೆದ ಎರಡು ಕೈಚೀಲ ಕೊಂಡು ತೀರ್ಥರಾಮಣ್ಣ ರಸ್ತೆ ದಾಟಿದರು. ಈ ಸಲ ಕೊಡೆ ಬಿಡಿಸಲಿಲ್ಲ. ಅಂಗಡಿಯ ಬೆಂಚಿನಲ್ಲಿ ಆಗಲೇ ಒಬ್ಬರು ಕೂತಿದ್ದರು, ಅವರ ಕೈಯಲ್ಲೂ ಚೀಟಿ. ಅದ್ದು ಅದನ್ನು ಓದಿ, "ಇದು ಕೆಂಪು ಪ್ಯಾಕೆಟಿನದ್ದು, ಎರಡನೇ ಸಾಲಲ್ಲಿ ಉಂಟು ನೋಡಿ" ಎಂದು ತಿಳಿಸಿಕೊಟ್ಟ. ಅವರು ಎದ್ದು ಸೂಪರ್ ಮಾರ್ಕೆಟಿಗೆ ಹೋದರು.

"ಓದ್ಲಿಕ್ಕೆ ನಾನು, ಮಾರ್ಲಿಕ್ಕೆ ಅವರು," ಎಂದ ಅದ್ದು. "ಈಗ ನಮ್ಮ ವ್ಯಾಪಾರ ಹೀಗೆ ತೀರ್ಥಣ್ಣ. ಕೊಡಿ, ನಿಮ್ಮದನ್ನೂ ಓದುವ."

ಅವನು ನಗುತ್ತಲೇ ಹೇಳಿದ್ದ. ಆದರೆ ತರಕಾರಿ ಇಡುತ್ತಿದ್ದ ಬುಟ್ಟಿಗಳು ಒಂದರೊಳಗೊಂದು ಮೂಲೆಯಲ್ಲಿ ಕೂತದ್ದನ್ನು ನೋಡಿ ತೀರ್ಥರಾಮಣ್ಣನಿಗೆ ನಿಜವಾಗಿ ಸಂಕಟವಾಯಿತು. ಜಗಲಿಯಲ್ಲಿ ನಿಂತು ‘ಹಾಕಲಿ’ ಎಂದದ್ದು ನೆನಪಾಯಿತು.

"ಓದುದು ಬೇಡ," ಎಂದರು. "ಎಲ್ಲ ಇಲ್ಲಿಂದಲೇ ಕಟ್ಟು. ಬೇಗ."

ಅದ್ದು ಚೀಟಿಯನ್ನು ಒಮ್ಮೆ ನೋಡಿದ, ಮತ್ತೆ ನೋಡಲಿಲ್ಲ. ನಮ್ಮ ಅಕ್ಕಿ ಬಂತು, ಅದರ ಮೊದಲಿನ ಮೆಣಸು ಬಂತು, ತುಂಬಾ ಕಪ್ಪಲ್ಲದ ಬೆಲ್ಲ ಬಂತು. ಜೈನಬಮ್ಮನ ಮಸಾಲೆಯ ಪರಿಮಳಕ್ಕೆ ಬೇರೆ ಯಾವ ವಾಸನೆಯೂ ಮೂಗಿಗೆ ಹತ್ತದಂತಾಯಿತು. ಕೊನೆಯ ಸಾಲಿಗೆ ಬಂದಾಗ ಅವನ ಕೈ ನಿಂತಿತು.

"ಅವರದ್ದು ಅಂದ್ರೆ ಎಂತದು ಅದ್ದು?"

"ಅದು ಅಕ್ಕನ ಹತ್ರವೇ ಕೇಳಿ ತೀರ್ಥಣ್ಣ," ಎಂದು ಅವನು ಒಳಗೆ ಹೋಗಿ, ಮೂರು ಪದರ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತಂದು ಎಲ್ಲದರ ಅಡಿಯಲ್ಲಿ ಇಟ್ಟ.

ಪಂಥ ಸೋಲುವುದಕ್ಕೂ ಒಂದು ಮರ್ಯಾದೆ ಬೇಕಲ್ಲ! ದಾರಿಯಲ್ಲಿ ಮರದ ಮರೆಗೆ ನಿಂತು ತೀರ್ಥರಾಮಣ್ಣ ಸಾಮಾನನ್ನೆಲ್ಲ ಸೂಪರ್ ಮಾರ್ಕೆಟಿನ ಕೈಚೀಲಗಳಿಗೆ ತುಂಬಿದರು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಬಸ್ಸು ಸಮಯಕ್ಕೆ ಸರಿಯಾಗಿ ತಲುಪಿಸಿದವರ ಗತ್ತಿನಲ್ಲಿ ಅಡುಗೆಮನೆಗೆ ನುಗ್ಗಿದರು.

ಸೇವಂತಿಯಕ್ಕ ಒಂದೊಂದೇ ಪೊಟ್ಟಣ ಹೊರಗೆ ತೆಗೆದರು. "ಸೂಪರ್ ಮಾರ್ಕೆಟಲ್ಲಿ ಈಗ ಪೇಪರಿನಲ್ಲಿ ಕಟ್ಟಿ ಕೊಡ್ತಾರಾ?"

"ಹೌದು. ಪ್ಲಾಸ್ಟಿಕ್ ನಿಷೇಧ."

"ಜೈನಬಮ್ಮನ ಮಸಾಲೆ ಕೂಡ ಅಲ್ಲಿಗೆ ಬಂತಾ?"

"ಅಲ್ಲಿ ಎಲ್ಲ ಸಿಗ್ತದೆ."

"ಹಾಗಾದ್ರೆ ನೀವು ಗೆದ್ದದ್ದು," ಎಂದರು ಸೇವಂತಿಯಕ್ಕ. "ಬರುವ ವಾರದಿಂದ ಅದ್ದುವಿನಲ್ಲಿ ಬೇಡ. ಮಾತು ಅಂದ್ರೆ ಮಾತು."

ತೀರ್ಥರಾಮಣ್ಣ ಖಾಲಿ ಕೈಚೀಲ ಮಡಚತೊಡಗಿದರು. ಸೋತೆ ಎಂದು ಒಪ್ಪಿಕೊಂಡರೆ ಮಾನ ಹೋಗುತ್ತದೆ, ಗೆದ್ದೆ ಎಂದರೆ ಅದ್ದುವಿನ ಬಾಗಿಲು ಹಾಕಿಸಿದ ಹಾಗಾಗುತ್ತದೆ. ತಾನೇ ಹೆಣೆದ ಬಲೆಯಲ್ಲಿ ತಾನೇ ಕೂತು ಅವರು ಬೀಗರನ್ನು ಕಾದರು.

ಬೀಗ ಹರಿಪ್ರಸಾದರು ಹೆಂಡತಿಯೊಡನೆ ಬಂದು ಜಗಲಿಯಲ್ಲಿ ಕೂತರು. ಕಾಫಿ ಬಂತು. ಅಭ್ಯಾಸಬಲ ನೋಡಿ, ತೀರ್ಥರಾಮಣ್ಣನಿಗೆ ತಡೆಯಲಾಗಲಿಲ್ಲ.

"ಕುಡಿದು ನೋಡಿ ಬೀಗರೇ. ಆನೆ ಡಬ್ಬಿಯದ್ದು. ಬೇರೆ ಕಾಫಿ ನನ್ನ ನಾಲಿಗೆಗೆ ಹೋಗುದಿಲ್ಲ," ಎಂದು ತಾವೂ ಒಂದು ಗುಟುಕು ಹೀರಿದರು. ಮುಖ ಸಿಂಡರಿಸಿದರು. "ಸೇವಂತಿ, ಇದು ಎಂತ ಕಷಾಯ?"

"ನೀವು ಈಗ ತಂದ ಹೊಸ ಡಬ್ಬಿ. ಸೀಲ್ ಒಡೆದು ಮಾಡಿದ್ದು."

"ಇದು ನಕಲಿ. ನನ್ನ ನಾಲಿಗೆಗೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ. ನಮ್ಮ ಹಳೇ ಡಬ್ಬಿಯದ್ದು ಮಾಡು."

"ಅದು ಖಾಲಿ. ತುಂಬಿಸಿ ಮಾಡ್ತೇನೆ," ಎಂದು ಸೇವಂತಿಯಕ್ಕ ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಬಣ್ಣ ಮಾಸಿ ಆನೆಯ ಸೊಂಡಿಲು ಅಳಿಸಿಹೋದ ಹಳೇ ಡಬ್ಬಿ, ಇನ್ನೊಂದು ಕೈಯಲ್ಲಿ ಮೂರು ಪದರ ಪೇಪರಿನ ಆ ಪೊಟ್ಟಣ. ಬೀಗರ ಎದುರೇ ನೂಲು ಬಿಚ್ಚಿ, ಒಂದು ಚಿಟಿಕೆಯೂ ಚೆಲ್ಲದಂತೆ ಕಾಫಿ ಹುಡಿಯನ್ನು ಡಬ್ಬಿಗೆ ಸುರಿದರು. ಕೈಗೆ ಚೆನ್ನಾಗಿ ಅಭ್ಯಾಸವಿತ್ತು.

ತೀರ್ಥರಾಮಣ್ಣ ಪೊಟ್ಟಣವನ್ನೇ ನೋಡಿದರು. ಅವರದ್ದು. ಕಾಲು.

"ಎಷ್ಟು ವರ್ಷದಿಂದ?" ಎಂದು ಕೇಳಿದರು, ಮೆಲ್ಲಗೆ.

"ನೀವು ಈ ಡಬ್ಬಿ ತಂದದ್ದು ಭವಿತಾ ಹತ್ತನೇ ಕ್ಲಾಸಲ್ಲಿ ಇರುವಾಗ. ಒಳಗಿದ್ದದ್ದು ಅದೇ ತಿಂಗಳು ಮುಗಿದಿತ್ತು."

ಭವಿತಾ ಅವರ ಮಗಳು. ಈಗ ಅವಳ ಅತ್ತೆ ಮಾವನೇ ಎದುರು ಕೂತಿದ್ದರು. ಎರಡನೇ ಕಾಫಿ ಬಂತು. ಹರಿಪ್ರಸಾದರು ಹೀರಿ ತಲೆದೂಗಿದರು. "ಇದು ಫಸ್ಟ್ ಕ್ಲಾಸ್. ಹುಡಿ ಎಲ್ಲಿಂದ ತರಿಸುದು ಬೀಗರೇ?"

ಸೇವಂತಿಯಕ್ಕ ಗಂಡನ ಮುಖ ನೋಡಿದರು. ತೀರ್ಥರಾಮಣ್ಣ ಲೋಟದ ಒಳಗೆ ನೋಡಿದರು.

"ಇಲ್ಲೇ," ಎಂದರು. "ನಮ್ಮ ಅದ್ದುವಿನ ಅಂಗಡಿಯಿಂದ. ಇವತ್ತಿನ ಸಾಮಾನು ಎಲ್ಲವೂ ಅಲ್ಲಿಯದ್ದೇ."

ಮುಂದಿನ ಶನಿವಾರ ತೀರ್ಥರಾಮಣ್ಣ ಚೀಟಿ ಹಿಡಿದು ಹೊರಟರು. ಕೊಡೆ ಬಿಸಿಲಿನ ಕಡೆಗೇ ಇತ್ತು. ಬೆಂಚಿನಲ್ಲಿ ಕೂತಿದ್ದವರನ್ನು ಸರಿಸಿ ತಾವೂ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಕಡೇ ಸಾಲು ಓದುದು ಬೇಡ ಅದ್ದು, ನಾನೇ ಹೇಳ್ತೇನೆ. ನನ್ನದು ಕಾಲು ಕಿಲೋ."

ಅದ್ದು ನಕ್ಕು, ಈ ಸಲ ಅವರ ಕಣ್ಣೆದುರೇ ಕಟ್ಟಿದ. ತೀರ್ಥರಾಮಣ್ಣನಿಗೆ ಎದೆ ಹಗುರಾಯಿತು. ಇಷ್ಟೆಲ್ಲ ತಗ್ಗಿ ಬಗ್ಗಿ ನಡೆದ ಮೇಲೆ ತನಗೂ ಒಂದು ಪ್ರತಿಫಲ ಬೇಡವೇ ಎಂದು, ದನಿ ಮೆತ್ತಗೆ ಮಾಡಿ, ಮೇಲಿನ ಡಬ್ಬಿಯ ಕಡೆ ಬೆರಳು ತೋರಿಸಿದರು.

"ಮತ್ತೆ ಒಂದು ಪ್ಯಾಕೆಟ್ ಚಕ್ಕುಲಿ."

ಅದ್ದು ಚೀಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ.

"ಅದು ಇದರಲ್ಲಿ ಇಲ್ಲ ತೀರ್ಥಣ್ಣ."