ಬ್ರೇಕು ಪರೀಕ್ಷಕನ ಭಾನುವಾರ

"ಈ ಭಾನುವಾರ ಆ ಶೆನ್‌ನ ಸೊಕ್ಕು ಇಳಿಸದಿದ್ದರೆ ನಾನು ಹುಂಗ್-ರು ಅಲ್ಲ!" ಎಂದು ಹುಂಗ್-ರು ಕನ್ನಡಿಯೆದುರು ಗರ್ಜಿಸಿದ.

ತೈಚುಂಗ್‌ನ ಸೈಕಲ್ ಪರೀಕ್ಷಾಲಯದಲ್ಲಿ ಅವನು ಸಾಕ್ಷಾತ್ ಚಕ್ರವರ್ತಿ. ಮುಂದಿನ ಚಕ್ರವನ್ನು ಬಿಗಿಹಿಡಿಯುವ ಪುಟ್ಟ ಹಿಡಿಕೆಯನ್ನು ಪೂರ್ತಿ ತೆರೆದು, ಅದಕ್ಕೂ ಡಿಸ್ಕ್ ಬ್ರೇಕಿನ ತಟ್ಟೆಗೂ ನಡುವೆ ಪೆನ್ಸಿಲ್ ತೂರಿಸುತ್ತಿದ್ದ. ತೂರಿದರೆ ಪಾಸು. ತೂರದಿದ್ದರೆ, ತೆರೆದ ಹಿಡಿಕೆ ತಟ್ಟೆಗೆ ಸಿಕ್ಕಿ ಚಕ್ರ ಗಕ್ಕನೆ ನಿಲ್ಲುವ ಅಪಾಯ. ಫೇಲು! ಎಂಥ ಬೆಲೆಬಾಳುವ ಸೈಕಲ್ಲಾದರೂ ಅವನೆದುರು ಗಡಗಡ!

ಮನೆಯಲ್ಲಿ ಮಾತ್ರ ಹೆಂಡತಿ ಪಿ-ಯುನ್ ಬಾಯಲ್ಲಿ ಹಗಲೂ ಇರುಳೂ ಶೆನ್ ಜಪ. ಶೆನ್ ಅವಳ ಸೈಕಲ್ ಬಳಗದ ಮುಂದಾಳು.

"ಅವರು ದಾಕೆಂಗ್ ಗುಡ್ಡ ಹತ್ತೋದು ನೋಡ್ಬೇಕು ರೀ, ಮೋಡ ತೇಲಿದ ಹಾಗೆ!"

"ಮೋಡ ತಾನೆ? ಒಳಗೆಲ್ಲ ಬರೀ ಗಾಳಿ."

"ಹೊಟ್ಟೆಕಿಚ್ಚಾ?"

"ನನಗಾ? ಆ ಕಡ್ಡಿಕಾಲಿನವನ ಮೇಲಾ? ಥೂ!"

ಭಾನುವಾರ ಗುಡ್ಡದ ಬುಡದಲ್ಲಿ ಹುಂಗ್-ರು ತನ್ನ ಹಳೇ ಸೈಕಲ್ಲನ್ನು ಕಾರಿನಿಂದಿಳಿಸಿ ಮುಂದಿನ ಚಕ್ರ ಜೋಡಿಸುತ್ತಿದ್ದ. ತಲೆಯೆತ್ತಿದರೆ, ಶೆನ್ ಪಿ-ಯುನ್‌ಳ ಹೆಲ್ಮೆಟ್ ಪಟ್ಟಿ ಕಟ್ಟುತ್ತಿದ್ದಾನೆ! ಗದ್ದದ ಕೆಳಗೆ! ಅವಳು ನಗುತ್ತಲೂ ಇದ್ದಾಳೆ! ಹುಂಗ್-ರು ಹಿಡಿಕೆ ಮಡಚುವುದನ್ನೇ ಮರೆತು ನಡುವೆ ನುಗ್ಗಿದ.

"ಸರೀರಿ ಶೆನ್, ಸುರಕ್ಷತೆ ನನ್ನ ಕಸುಬು," ಎಂದು ಪಟ್ಟಿಯನ್ನು ತಾನೇ ಎಳೆದು ಬಿಗಿದ.

"ಅಯ್ಯೋ, ಉಸಿರಾಡೋಕಾದ್ರೂ ಜಾಗ ಬಿಡ್ರೀ!" ಎಂದು ಚೀರಿದಳು ಪಿ-ಯುನ್.

ಆಮೇಲೆ ಶೆನ್‌ನ ಸೈಕಲ್ಲನ್ನು ಮೂರು ಸುತ್ತು ಹಾಕಿ ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ. "ಕೆಂಪು ಬಣ್ಣ ಸ್ವಲ್ಪ ಜಾಸ್ತಿಯಾಯ್ತು," ಎಂದು ತೀರ್ಪಿತ್ತ.

ಬಳಗ ಹೊರಟಿತು. ಮುಂದೆ ಶೆನ್, ಪಕ್ಕದಲ್ಲಿ ಪಿ-ಯುನ್, ಮಧ್ಯೆ ಗಾಳಿಗೂ ದಾರಿಯಿಲ್ಲ! ಹುಂಗ್-ರು ಹಲ್ಲು ಕಚ್ಚಿ ಪೆಡಲ್ ತುಳಿದ. ಇನ್ನೇನು ಇಬ್ಬರ ನಡುವೆ ತೂರಬೇಕು, ಟಕ್! ತೆರೆದಿದ್ದ ಹಿಡಿಕೆ ಬ್ರೇಕಿನ ತಟ್ಟೆಗೆ ಸಿಕ್ಕಿಕೊಂಡಿತು. ಚಕ್ರ ನಿಂತಿತು. ಹುಂಗ್-ರು ನಿಲ್ಲಲಿಲ್ಲ! ನೇರ ಹೋಗಿ ಪಕ್ಕದ ಗೆಣಸಿನ ಬಳ್ಳಿಗಳ ಮೇಲೆ ಬಿದ್ದ.

ಓಡಿಬಂದ ಶೆನ್ ಸೈಕಲ್ ಎತ್ತಿ ನೋಡಿ, ವಿನಯದಿಂದಲೇ ಕೇಳಿದ: "ಇದನ್ನ ಪಾಸ್ ಮಾಡಿದ್ದು ಯಾರು ಸಾರ್?"

"ಇದು... ಇದನ್ನ ಇನ್ನೂ ಪರೀಕ್ಷೆ ಮಾಡಿಲ್ಲ," ಎಂದ ಹುಂಗ್-ರು, ಬಾಯಿಂದ ಮಣ್ಣು ಉಗಿಯುತ್ತ.

"ನನ್ನ ಮೇಲಿಟ್ಟ ಕಣ್ಣನ್ನ ಒಂದು ಗಳಿಗೆ ಚಕ್ರದ ಮೇಲಿಟ್ಟಿದ್ರೆ ಆಗ್ತಿರಲಿಲ್ವೇನ್ರೀ?" ಎಂದಳು ಪಿ-ಯುನ್.

ಕಾಲು ಉಳುಕಿತ್ತು, ನೆಲಕ್ಕೆ ಊರಲಾಗದು. ಶೆನ್ ಬಗ್ಗಿ ಅವನನ್ನು ಉಪ್ಪುಮೂಟೆ ಹೊತ್ತುಕೊಂಡ. ಇಳಿಜಾರಿನಲ್ಲಿ ಬಿದ್ದುಬಿಟ್ಟೇನೆಂದು ಹುಂಗ್-ರು ಆ ಪರಮ ವೈರಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಪ್ಪಿಕೊಂಡು ಕಣ್ಣು ಮುಚ್ಚಿದ.

ಹಿಂದೆ ಎರಡು ಸೈಕಲ್ ತಳ್ಳುತ್ತ ಬರುತ್ತಿದ್ದ ಪಿ-ಯುನ್ ನಿಟ್ಟುಸಿರಿಟ್ಟಳು.

"ಮದುವೆಯಾದಾಗಿನಿಂದ ನನ್ನನ್ನ ಒಂದ್ಸಲನಾದ್ರೂ ಹೀಗೆ ತಬ್ಕೊಂಡಿದ್ದೀರಾ? ಈಗ ನೋಡ್ರೀ, ನಿಜವಾಗ್ಲೂ ಹೊಟ್ಟೆಕಿಚ್ಚಾಗ್ತಿರೋದು ನನಗೆ!"